ಗ್ರಬ್‌ನಲ್ಲಿ ಒಂದು ಸಾಲು ಬದಲಾಯಿಸಿದೆ, ಈಗ ಡೆಬಿಯನ್ ಬೂಟ್ ಆಗುತ್ತಿಲ್ಲ

ತುಂಬೆಹೂ:

ನಿನ್ನೆ ರಾತ್ರಿಯಿಂದ ಲ್ಯಾಪ್‌ಟಾಪ್ ಮೇಲೇಳುತ್ತಿಲ್ಲ. ಡೆಬಿಯನ್ 12 (ಲಿನಕ್ಸ್), ಕರ್ನಲ್ (ಸಿಸ್ಟಮ್‌ನ ತಿರುಳು) 6.1. ತಪ್ಪು ನನ್ನದೇ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ.

ಸಿಸ್ಟಮ್ ಸ್ವಲ್ಪ ಭದ್ರ ಮಾಡೋಣ ಅಂತ ಹೊರಟಿದ್ದೆ. ಅಲ್ಲಿ ಇಲ್ಲಿ ಓದಿದ್ದನ್ನೆಲ್ಲ ಒಟ್ಟು ಮಾಡಿ, ಕರ್ನಲನ್ನು ಎಬ್ಬಿಸುವ ಪ್ರೋಗ್ರಾಂ ಗ್ರಬ್‌ನ ಫೈಲ್‌ನಲ್ಲಿ, ಕರ್ನಲ್ ಸಾಲಿಗೆ ಮೂರು ಆಯ್ಕೆ ಸೇರಿಸಿದೆ. ಒಂದು, 'ಎಲ್‌ಎಸ್‌ಎಂ=' ಪಟ್ಟಿ, ಕರ್ನಲ್‌ನಲ್ಲಿ ಯಾವ ಯಾವ ಭದ್ರತಾ ವ್ಯವಸ್ಥೆ ಓಡಬೇಕು ಅಂತ ಹೇಳುವುದು. ಅದರಲ್ಲಿ ಎಸ್‌ಇಲಿನಕ್ಸ್, ಆಪ್‌ಆರ್ಮರ್ (ಯಾವ ಪ್ರೋಗ್ರಾಂ ಏನು ಮುಟ್ಟಬಹುದು ಅಂತ ಕಾಯುವವು) ಎರಡನ್ನೂ ಹಾಕಿದೆ, ಒಂದು ಬೀಗಕ್ಕಿಂತ ಎರಡು ಒಳ್ಳೇದಲ್ವಾ ಅನ್ನೋ ಲೆಕ್ಕ. ಇನ್ನೊಂದು 'ಮಾಡ್ಯೂಲ್.ಸಿಗ್_ಎನ್‌ಫೋರ್ಸ್=1', ಸಹಿ ಇಲ್ಲದ ಮಾಡ್ಯೂಲ್ (ಕರ್ನಲ್‌ಗೆ ಸೇರುವ ತುಂಡು, ಡ್ರೈವರ್ ಥರದ್ದು) ತಡೆಯಲು. ಮತ್ತೊಂದು 'ಇನಿಟ್_ಆನ್_ಅಲಾಕ್=1'. ಎಸ್‌ಇಲಿನಕ್ಸ್‌ನ ಪ್ಯಾಕೇಜ್‌ಗಳನ್ನೂ ಹಾಕಿಕೊಂಡೆ, ಕಾನ್ಫಿಗ್ ಫೈಲನ್ನು ಮಾತ್ರ ಫೆಡೋರಾದ (ಇನ್ನೊಂದು ಲಿನಕ್ಸ್) ಒಂದು ಗೈಡ್ ನೋಡಿ ನಾನೇ ತಿದ್ದಿದೆ. ಮೋಡ್ ಎನ್‌ಫೋರ್ಸಿಂಗ್ (ನಿಯಮ ಮೀರಿದರೆ ತಡೆ), ಟೈಪ್, ಅಂದರೆ ಪಾಲಿಸಿ ಅನ್ನುವ ನಿಯಮಗಳ ಕಟ್ಟಿನ ಹೆಸರು, ಟಾರ್ಗೆಟೆಡ್.

ರೀಬೂಟ್ ಮಾಡಿದರೆ ನಾಲ್ಕೈದು ಸಾಲು ಓಡಿ ನಿಂತುಬಿಡುತ್ತದೆ. ಹಳೇ ಕರ್ನಲ್ ಆರಿಸಿದರೂ ಅಷ್ಟೇ. ರಿಕವರಿ ಮೋಡ್‌ನಲ್ಲೂ ಅಷ್ಟೇ. ಡಿಸ್ಕೇ ಹೋಯ್ತೇನೋ ಅಂತ ಭಯವಾಗಿದೆ. ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಳ್ಳಲಾ?

ಹಳೇಕರ್ನಲ್:

ಏನೂ ಅಳಿಸಬೇಡಿ. ನಿಂತಾಗ ಕಾಣುವ ಕೊನೆಯ ಎರಡು ಸಾಲು ಹಾಕಿ. ಅದಿಲ್ಲದೆ ಯಾರು ಏನು ಹೇಳಿದರೂ ಊಹೆ.

ರಿಕವರಿಯಲ್ಲೂ ನಿಲ್ಲುತ್ತದೆ ಅಂದರೆ ನೀವು ಬಹುಶಃ 'ಗ್ರಬ್_ಸಿಎಂಡಿಲೈನ್_ಲಿನಕ್ಸ್' ಅನ್ನುವ ಸಾಲಿಗೆ ಬರೆದಿದ್ದೀರಿ. ಕೊನೆಯಲ್ಲಿ 'ಡೀಫಾಲ್ಟ್' ಅಂತ ಇರುವ ಇನ್ನೊಂದು ಸಾಲಿದೆ, ಅಲ್ಲಿ ಬರೆದದ್ದು ಮಾಮೂಲಿ ಬೂಟ್‌ಗೆ ಮಾತ್ರ. ಮೊದಲನೆಯದರಲ್ಲಿ ಬರೆದದ್ದು ರಿಕವರಿ, ಹಳೇ ಕರ್ನಲ್, ಎಲ್ಲಕ್ಕೂ ಅಂಟಿಕೊಳ್ಳುತ್ತದೆ. ಡಿಸ್ಕ್ ಪಾಪ ಚೆನ್ನಾಗಿಯೇ ಇರುತ್ತದೆ.

ತುಂಬೆಹೂ:

ಹೌದು, ಅದೇ ಸಾಲು! ಪರದೆಯ ಕೊನೆಯಲ್ಲಿ ಹೀಗಿದೆ: ಆರು ಆಶ್ಚರ್ಯಸೂಚಕ ಚಿಹ್ನೆ, 'ಫೇಲ್ಡ್ ಟು ಲೋಡ್ ಎಸ್‌ಇಲಿನಕ್ಸ್ ಪಾಲಿಸಿ'. ಅದರ ಕೆಳಗೆ 'ಫ್ರೀಜಿಂಗ್ ಎಕ್ಸಿಕ್ಯೂಷನ್'.

ಬೂಟ್‌ಭೈರ:

ಸುಮ್ನೆ 'ಎಸ್‌ಇಲಿನಕ್ಸ್=0' ಹಾಕಿ ಗುರು, ಮುಗೀತು. ನಾನು ಎಲ್ಲ ಮೆಷಿನ್‌ನಲ್ಲೂ ಅದನ್ನೇ ಮಾಡೋದು.

ಹಳೇಕರ್ನಲ್:

ಭೈರ ಹೇಳಿದ್ದರಿಂದ ಬೂಟ್ ಆಗುತ್ತದೆ, ಆದರೆ ಯಾಕೆ ನಿಂತಿತು ಅನ್ನುವುದು ಗೊತ್ತಾಗುವುದಿಲ್ಲ. ಎಸ್‌ಇಲಿನಕ್ಸ್ ನಿಜವಾಗಿ ಬಳಸುವ ಮೆಷಿನ್ ಆಗಿದ್ದರೆ ಇನ್ನೂ ಕಷ್ಟ. 0 ಇಟ್ಟುಕೊಂಡು ನಾಲ್ಕು ದಿನ ಕೆಲಸ ಮಾಡಿದರೆ ಹೊಸ ಫೈಲ್‌ಗಳಿಗೆ ಎಸ್‌ಇಲಿನಕ್ಸ್ ನೋಡುವ ಲೇಬಲ್ ಬೀಳುವುದಿಲ್ಲ. ಮತ್ತೆ ಆನ್ ಮಾಡಿದ ದಿನ ಲಾಗಿನ್ನೇ ಆಗದೆ ಕೂರಬೇಕಾಗುತ್ತದೆ, ಇಡೀ ಡಿಸ್ಕಿಗೆ ರೀಲೇಬಲ್ ಮಾಡುವವರೆಗೂ. ಅದಕ್ಕೇ ನಾನು ಮೊದಲು 'ಎನ್‌ಫೋರ್ಸಿಂಗ್=0' ಹಾಕುತ್ತೇನೆ. ಆಗ ತಡೆಯುವುದಿಲ್ಲ, ಬರೀ ಗೊಣಗುತ್ತದೆ. ನಿಮ್ಮಲ್ಲಿ ಈಗ ಪಾಲಿಸಿಯೇ ಲೋಡ್ ಆಗಿಲ್ಲ, ಹಾಗಾಗಿ ಎರಡರಲ್ಲಿ ಯಾವುದಾದರೂ ನಡೆಯುತ್ತದೆ.

ಗ್ರಬ್ ಮೆನು ಬಂದಾಗ 'ಇ' ಒತ್ತಿ. 'ಲಿನಕ್ಸ್' ಅಂತ ಶುರುವಾಗುವ ಉದ್ದ ಸಾಲು ಇರುತ್ತದೆ, ಅದರ ತುದಿಗೆ ಹೋಗಿ ಒಂದು ಸ್ಪೇಸ್ ಬಿಟ್ಟು 'ಎನ್‌ಫೋರ್ಸಿಂಗ್=0' ಅಂತ ಬರೆಯಿರಿ, ಎಫ್10 ಒತ್ತಿ. ಇದು ಈ ಒಂದು ಬೂಟ್‌ಗೆ ಮಾತ್ರ, ಫೈಲ್ ಏನೂ ಬದಲಾಗುವುದಿಲ್ಲ.

ಇನ್ನು ಕಾರಣ. ಎಸ್‌ಇಲಿನಕ್ಸ್, ಆಪ್‌ಆರ್ಮರ್ ಎರಡೂ ಕರ್ನಲ್‌ನಲ್ಲಿ ಒಂದೇ ಕುರ್ಚಿಗೆ ಕಾದಿರುವವು. ಸ್ಮ್ಯಾಕ್ ಅನ್ನುವ ಇನ್ನೊಂದು ಭದ್ರತಾ ವ್ಯವಸ್ಥೆ ಕೂಡ ಅದೇ ಗುಂಪು. 'ಎಲ್‌ಎಸ್‌ಎಂ=' ಪಟ್ಟಿಯಲ್ಲಿ ಯಾವುದು ಮೊದಲು ಬಂತೋ ಅದು ಕೂರುತ್ತದೆ, ಉಳಿದದ್ದನ್ನು ಕರ್ನಲ್ ತೆಪ್ಪಗೆ ಬಿಟ್ಟುಬಿಡುತ್ತದೆ. ಎರಡು ಬೀಗ ಬೀಳಲೇ ಇಲ್ಲ. ನೀವು ಎಸ್‌ಇಲಿನಕ್ಸ್ ಮೊದಲು ಬರೆದಿರಿ, ಡೆಬಿಯನ್ 10ರಿಂದ ತಾನಾಗಿ ಓಡುತ್ತಿರುವ ಆಪ್‌ಆರ್ಮರ್ ಹೊರಗಾಯಿತು. ಬಂದು ಕೂತ ಎಸ್‌ಇಲಿನಕ್ಸ್ ಕಾನ್ಫಿಗ್ ಓದಿ 'ಟಾರ್ಗೆಟೆಡ್' ಹೆಸರಿನ ಪಾಲಿಸಿ ಹುಡುಕಿತು. ಅದು ಫೆಡೋರಾದ ಹೆಸರು! ಡೆಬಿಯನ್‌ನಲ್ಲಿ ಆ ಪಾಲಿಸಿಯ ಹೆಸರು 'ಡೀಫಾಲ್ಟ್'. ಫೋಲ್ಡರೇ ಇಲ್ಲ, ಮೋಡ್ ನೋಡಿದರೆ ಎನ್‌ಫೋರ್ಸಿಂಗ್. ಪಾಲಿಸಿ ಇಲ್ಲದೆ ಮುಂದೆ ಹೋಗಬಾರದು ಅಂತ ಸಿಸ್ಟಮ್‌ಡಿ (ಕರ್ನಲ್ ಎದ್ದ ಮೇಲೆ ಉಳಿದದ್ದನ್ನೆಲ್ಲ ಶುರುಮಾಡುವ ಪ್ರೋಗ್ರಾಂ) ಅಲ್ಲೇ ನಿಂತಿತು. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿದೆ.

ಇನ್ನೊಂದು ವಿಷಯ, 'ಎಲ್‌ಎಸ್‌ಎಂ=' ಸೇರಿಸುವ ಪಟ್ಟಿ ಅಲ್ಲ. ಕರ್ನಲ್ ಜೊತೆ ಬಂದ ಪಟ್ಟಿಯನ್ನೇ ಕಿತ್ತು ನಿಮ್ಮದನ್ನು ಇಡುತ್ತದೆ. ಅದರಲ್ಲಿದ್ದ ಯಾಮಾ ಅನ್ನುವ ಚಿಕ್ಕ ಭದ್ರತಾ ವ್ಯವಸ್ಥೆಯನ್ನು ಬರೆಯಲು ಮರೆತರೆ ಯಾಮಾನೂ ಹೋಯ್ತು. ಹಳೇ ಗೈಡ್ ನೋಡಿ ಪಕ್ಕದಲ್ಲಿ 'ಸೆಕ್ಯೂರಿಟಿ=' ಅಂತ ಹಾಕುವವರೂ ಇದ್ದಾರೆ, 'ಎಲ್‌ಎಸ್‌ಎಂ=' ಇದ್ದರೆ ಅದನ್ನು ಕರ್ನಲ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನ್ನ ಸಲಹೆ ಕೇಳಿದರೆ 'ಎಲ್‌ಎಸ್‌ಎಂ=' ಭಾಗವನ್ನೇ ತೆಗೆಯಿರಿ, ಆಪ್‌ಆರ್ಮರ್ ಸಾಕು. 'ಇನಿಟ್_ಆನ್_ಅಲಾಕ್' ಇರಲಿ. ಮೆಮೊರಿ ಕೊಡುವ ಮುಂಚೆ ಸೊನ್ನೆ ತುಂಬುತ್ತದೆ, ಅಷ್ಟೇ.

ತುಂಬೆಹೂ:

ಬೂಟ್ ಆಯ್ತು!! ಗ್ರಬ್ ಫೈಲ್‌ನಿಂದ ಆ ಭಾಗ ತೆಗೆದು, ಅಪ್‌ಡೇಟ್-ಗ್ರಬ್ ಓಡಿಸಿ ಮತ್ತೆ ರೀಬೂಟ್ ಮಾಡಿದೆ. ಈಗ ಬರೀ ಕಪ್ಪು ಪರದೆ, ಎಡಮೂಲೆಯಲ್ಲಿ ಕರ್ಸರ್ ಮಿಣುಕುತ್ತದೆ. ಲಾಗಿನ್ ಸ್ಕ್ರೀನ್ ಬರುತ್ತಿಲ್ಲ. ಕಂಟ್ರೋಲ್ ಆಲ್ಟ್ ಎಫ್3 ಒತ್ತಿದರೆ ಟರ್ಮಿನಲ್ ಸಿಗುತ್ತದೆ. ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ 'ಲೋಡಿಂಗ್ ಆಫ್ ಮಾಡ್ಯೂಲ್ ವಿತ್ ಅನ್‌ಅವೈಲಬಲ್ ಕೀ ಈಸ್ ರಿಜೆಕ್ಟೆಡ್' ಅಂತ ಇದೆ. ಗ್ರಾಫಿಕ್ಸ್ ಡ್ರೈವರ್ ಹೊರಗಿನದು, ಡಿಕೆಎಂಎಸ್ (ಹೊರಗಿನ ಮಾಡ್ಯೂಲ್‌ಗಳನ್ನು ಇರುವ ಕರ್ನಲ್‌ಗೆ ಕಂಪೈಲ್ ಮಾಡಿಕೊಡುವ ಸಾಧನ) ಮೂಲಕ ಹಾಕಿದ್ದು.

ಸಾಲುಗಂಬ:

ಇದು ನಿಮ್ಮ ಇನ್ನೊಂದು ಐಟಂ, ಸಿಗ್_ಎನ್‌ಫೋರ್ಸ್. ಸಹಿ ಇಲ್ಲದ ಅಥವಾ ಕರ್ನಲ್‌ಗೆ ಗುರುತಿಲ್ಲದ ಕೀಯಿಂದ ಸಹಿ ಮಾಡಿದ ಮಾಡ್ಯೂಲ್ ಒಳಗೆ ಬರಬಾರದು ಅಂತ ನೀವೇ ಹೇಳಿದ್ದೀರಿ, ಅದು ಕೇಳಿದೆ. ಡೆಬಿಯನ್ 12ರ ಡಿಕೆಎಂಎಸ್ ತಾನೇ ಒಂದು ಕೀ ಮಾಡಿಕೊಂಡು ಸಹಿ ಹಾಕುತ್ತದೆ, ಆದರೆ ಆ ಕೀ ಯಾರದು ಅಂತ ಕರ್ನಲ್‌ಗೆ ಗೊತ್ತಿಲ್ಲ.

ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇದ್ದರೆ ಮಾತ್ರ ಬೂಟ್ ಆಗಲು ಬಿಡುವ ಸೌಲಭ್ಯ) ಆನ್ ಇದೆಯಾ? ಅದು ಆಫ್ ಇದ್ದರೆ ಕೀ ಎನ್‌ರೋಲ್ ಮಾಡಿಯೂ ಪ್ರಯೋಜನವಿಲ್ಲ, ಆಗ ಮೋಕ್ ಪಟ್ಟಿಯ, ಅಂದರೆ ಮೆಷಿನ್ ಮಾಲೀಕರು ತಾವೇ ಸೇರಿಸಿದ, ಕೀಗಳನ್ನು ಕರ್ನಲ್ ನಂಬುವುದೇ ಇಲ್ಲ. ಇದನ್ನು ತಿಳಿಯದೆ ನಾನು ಒಂದು ಇಡೀ ಭಾನುವಾರ ಕಳೆದಿದ್ದೇನೆ. ಮೋಕ್‌ಯುಟಿಲ್ ಕಮಾಂಡ್‌ನಿಂದ ಡಿಕೆಎಂಎಸ್‌ನ 'ಮೋಕ್.ಪಬ್' ಫೈಲ್ ಇಂಪೋರ್ಟ್ ಮಾಡಿ, ಒಂದು ಪಾಸ್‌ವರ್ಡ್ ಕೇಳುತ್ತದೆ, ಕೊಟ್ಟು ರೀಬೂಟ್ ಮಾಡಿ, ಹಾಗೇ ಸೆಕ್ಯೂರ್ ಬೂಟ್ ಆನ್ ಮಾಡಿ. ಕರ್ನಲ್‌ಗೂ ಮುಂಚೆ ಒಂದು ನೀಲಿ ಪರದೆ ಬರುತ್ತದೆ, 10 ಸೆಕೆಂಡ್ ಮಾತ್ರ. ಆಗ ಕಾಫಿ ತರಲು ಎದ್ದು ಹೋಗಬೇಡಿ. ಯಾವುದಾದರೂ ಕೀ ಒತ್ತಿ, 'ಎನ್‌ರೋಲ್ ಮೋಕ್' ಆರಿಸಿ, ಅದೇ ಪಾಸ್‌ವರ್ಡ್ ಹಾಕಿ.

ಬೂಟ್‌ಭೈರ:

ನನ್ನದೂ ಒಂದು ಸೇರಿಸಿಬಿಡ್ತೀನಿ. ಕರ್ನಲ್ 5.18 ಬಂದಾಗ ಒಂದು ವರ್ಚುವಲ್ ಮೆಷಿನ್ ಸಾಫ್ಟ್‌ವೇರ್‌ನ ಮಾಡ್ಯೂಲ್ ಲೋಡ್ ಆದ ತಕ್ಷಣ ಎಲ್ಲ ಸತ್ತುಹೋಗುತ್ತಿತ್ತು. ಸಹಿ ಎಲ್ಲ ಸರಿ ಇತ್ತು. ಲಾಗ್‌ನಲ್ಲಿ 'ಮಿಸ್ಸಿಂಗ್ ಎಂಡ್‌ಬಿಆರ್' ಅಂತ ಒಂದು ಸಾಲು. ಆ ಆವೃತ್ತಿಯಲ್ಲಿ ಐಬಿಟಿ (ಕೋಡ್ ಗುರುತಿಲ್ಲದ ಜಾಗಕ್ಕೆ ಜಿಗಿಯದಂತೆ ತಡೆಯುವ ರಕ್ಷಣೆ) ಬಂದಿತ್ತು, ಹೊಸ ಇಂಟೆಲ್ ಸಿಪಿಯುಗಳಲ್ಲಿ ಅದು ಕೆಲಸ ಮಾಡುತ್ತದೆ, ಹಳೇ ಮಾಡ್ಯೂಲ್ ಅದಕ್ಕೆ ತಕ್ಕಂತೆ ಕಂಪೈಲ್ ಆಗಿರಲಿಲ್ಲ. 'ಐಬಿಟಿ=ಆಫ್' ಹಾಕಿ ಬೂಟ್ ಮಾಡಿ, ಹೊಸ ಮಾಡ್ಯೂಲ್ ಬಂದ ಮೇಲೆ ತೆಗೆದೆ. ಹೌದು, ನಾನೂ ತೆಗೆಯುತ್ತೇನೆ ಒಮ್ಮೊಮ್ಮೆ.

ತುಂಬೆಹೂ:

ನೀಲಿ ಪರದೆ ಮೊದಲ ಸಲ ತಪ್ಪಿಹೋಯ್ತು (ಕಾಫಿ ಅಲ್ಲ, ಫೋನ್). ಎರಡನೇ ಸಲ ಹಿಡಿದೆ. ಸೆಕ್ಯೂರ್ ಬೂಟ್ ಆನ್, ಡ್ರೈವರ್ ಲೋಡ್, ಲಾಗಿನ್ ಬಂತು. ಈ ಮೆಸೇಜ್ ಅದರಿಂದಲೇ ಬರೆಯುತ್ತಿದ್ದೇನೆ. ಒಂದೇ ಒಂದು ಡೌಟು, ಹೈಬರ್ನೇಟ್ ಮೆನುವಿನಿಂದ ಮಾಯವಾಗಿದೆ. ಇದಕ್ಕೂ ನಾನೇ ಕಾರಣನಾ?

ಸಾಲುಗಂಬ:

ಈ ಸಲ ಅರ್ಧ ಮಾತ್ರ ನೀವು. ಡೆಬಿಯನ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಮಾಡಿದರೆ ಕರ್ನಲ್ ಲಾಕ್‌ಡೌನ್ (ಓಡುತ್ತಿರುವ ಕರ್ನಲನ್ನು ತಿದ್ದುವ ದಾರಿಗಳನ್ನು ಮುಚ್ಚುವ ಮೋಡ್) ತಾನಾಗಿ ಬರುತ್ತದೆ, ಲಾಕ್‌ಡೌನ್ ಇದ್ದರೆ ಹೈಬರ್ನೇಟ್ ಇಲ್ಲ. ಸಸ್ಪೆಂಡ್ ನಡೆಯುತ್ತದೆ. ಅಂದಹಾಗೆ ಈಗ ಸಿಗ್_ಎನ್‌ಫೋರ್ಸ್ ಸಾಲು ತೆಗೆದರೂ ವ್ಯತ್ಯಾಸವಿಲ್ಲ, ಅದೇ ಕೆಲಸ ಲಾಕ್‌ಡೌನ್ ಮಾಡುತ್ತದೆ.

ತುಂಬೆಹೂ:

ತೆಗೆದೆ. ಈ ಸಲ ಒಂದೇ ಒಂದು ಬದಲಾವಣೆ ಮಾಡಿ ರೀಬೂಟ್ ಮಾಡಿದೆ. ಬೂಟ್ ಆಯ್ತು.