ಅಜ್ಜ ಯಾಕೆ ಅಲ್ಲಾಡ್ತಿದಾನೆ?

"ಲೋ ರಘು, ರಾತ್ರಿ ನೀನು ಕಳಿಸಿದ್ದು ಫೋಟೋನಾ ವಿಡಿಯೋನಾ? ಆ ಗಡ್ಡದ ಅಜ್ಜ ಕೂತಲ್ಲೇ ಗಡಗಡ ಅಂತಿದಾನೆ, ನನ್ ಮೊಬೈಲೇ ಕೆಟ್ಟೋಯ್ತು ಅನ್ಕೊಂಡು ಆಫ್ ಮಾಡಿ ಆನ್ ಮಾಡ್ದೆ, ಆಮೇಲೂ ನಿಲ್ಲಿಸ್ಲಿಲ್ಲ ಪುಣ್ಯಾತ್ಮ!" ಅಂತ ನಾಗರಾಜ ಕಾಫಿ ಬರೋಕ್ ಮುಂಚೆನೇ ಶುರು ಹಚ್ಕೊಂಡ.

ರಘುಗೆ ಇಷ್ಟೇ ಸಾಕಿತ್ತು. "ಅದು ಸ್ಟೀರಿಯೋ ಕಾರ್ಡ್ ಕಣೋ, ನೂರೈವತ್ತು ವರ್ಷದ ಹಿಂದಿನದು. ಏಳಿಂಚು ಉದ್ದದ ರಟ್ಟು, ಅದರ ಮೇಲೆ ಅಕ್ಕಪಕ್ಕ ಎರಡು ಫೋಟೋ."

"ಎರಡೂ ಒಂದೇ ಥರ ಇರತ್ತಲ್ಲ, ಒಂದು ಫೋಟೋಗೆ ಎರಡರ ದುಡ್ಡು ತಗೊಳೋ ಐಡಿಯಾನಾ?"

"ಒಂದೇ ಥರ ಕಾಣತ್ತೆ ಅಷ್ಟೆ" ಅಂದ್ಲು ವಸುಧಾ. ಅವಳು ಫಿಸಿಕ್ಸ್ ಮೇಡಂ, ಭಾನುವಾರನೂ ಬಿಡಲ್ಲ. "ಹೆಬ್ಬೆರಳು ಮುಂದೆ ಹಿಡಿ. ಎಡಗಣ್ಣು ಮುಚ್ಚು. ಈಗ ಬಲಗಣ್ಣು ಮುಚ್ಚು. ಬೇಗ ಬೇಗ ಮಾಡು. ಬೆರಳು ಜಿಗೀತಿದ್ಯಾ ಇಲ್ವಾ?"

ನಾಗರಾಜ ಅದನ್ನ ಎಷ್ಟು ಶ್ರದ್ಧೆಯಿಂದ ಮಾಡ್ದ ಅಂದ್ರೆ ಎದುರು ಟೇಬಲ್ಲಿನ ಆಂಟಿ, ಇವನು ತನಗೇ ಕಣ್ಣು ಹೊಡೀತಿದಾನೆ ಅನ್ಕೊಂಡು ಇಡ್ಲಿ ಪ್ಲೇಟ್ ಎತ್ಕೊಂಡು ಬೇರೆ ಕಡೆ ಹೋಗಿ ಕೂತ್ರು.

"ಎರಡು ಕಣ್ಣಿನ ಮಧ್ಯೆ ಹತ್ತತ್ರ ಎರಡೂವರೆ ಇಂಚು, ಅದಕ್ಕೇ ಎರಡಕ್ಕೂ ಕಾಣೋದು ಸ್ವಲ್ಪ ಬೇರೆ ಬೇರೆ. ಆ ವ್ಯತ್ಯಾಸದಿಂದಾನೇ ಮಿದುಳು ದೂರ ಹತ್ರ ಲೆಕ್ಕ ಹಾಕತ್ತೆ ಅಂತ 1838ರಲ್ಲಿ ವೀಟ್‌ಸ್ಟನ್ ಅನ್ನೋ ಇಂಗ್ಲಿಷ್ ವಿಜ್ಞಾನಿ ತೋರಿಸ್ದ. ಕೈಯಲ್ಲಿ ಬಿಡಿಸಿದ ಚಿತ್ರ ಇಟ್ಕೊಂಡು ತೋರಿಸಿದ್ದು, ಫೋಟೋ ವಿಷಯ ಜಗತ್ತಿಗೆ ಗೊತ್ತಾಗಿದ್ದೇ ಮುಂದಿನ ವರ್ಷ."

ಆಮೇಲೆ ರಘು ಇತಿಹಾಸ ಬಿಚ್ಚಿದ. 1854ರಲ್ಲಿ ಲಂಡನ್ ಸ್ಟೀರಿಯೋಸ್ಕೋಪಿಕ್ ಕಂಪನಿ ಶುರುವಾಯ್ತಂತೆ, ಪ್ರತಿ ಮನೇಲೂ ಒಂದು ಸ್ಟೀರಿಯೋಸ್ಕೋಪ್, ಅಂದ್ರೆ ಕಾರ್ಡಿನ ಒಂದೊಂದು ಫೋಟೋನ ಒಂದೊಂದು ಕಣ್ಣಿಗೆ ತೋರಿಸಿ ಆಳ ಕಾಣಿಸೋ ಯಂತ್ರ, ಇರ್ಲೇಬೇಕು ಅನ್ನೋದು ಅವರ ಜಾಹೀರಾತು, ಆಮೇಲೆ 1861ರ ಹೊತ್ತಿಗೆ ಅಮೆರಿಕದ ಡಾಕ್ಟರ್ ಹೋಮ್ಸ್ ಅನ್ನೋರು ಕೈಯಲ್ಲಿ ಹಿಡ್ಕೊಂಡು ನೋಡೋ ಅಗ್ಗದ ಮಾದರಿ ಮಾಡಿ, ಪೇಟೆಂಟೇ ತಗೊಳ್ದೆ ಬಿಟ್ಬಿಟ್ರಂತೆ.

"ಪೇಟೆಂಟ್ ತಗೊಳ್ಲಿಲ್ವಾ? ಯಾವ ಸೀಮೆ ಡಾಕ್ಟ್ರೋ ಅವ್ನು!" ನಾಗರಾಜನಿಗೆ ಇಡೀ ಕಥೆಲಿ ನಂಬೋಕೆ ಕಷ್ಟ ಆಗಿದ್ದು ಇದೊಂದೇ.

"ಈಗ ಆ ಯಂತ್ರ ಯಾರ ಮನೇಲಿದೆ?" ಅಂದ ರಘು. "ಅದಕ್ಕೇ ಎರಡೂ ಫೋಟೋ ಕತ್ತರಿಸಿ ಒಂದಾದ್ಮೇಲೊಂದು ಬರೋ ಹಾಗೆ ಜಿಫ್, ಅಂದ್ರೆ ತಾನಾಗೇ ಮತ್ತೆ ಮತ್ತೆ ಓಡೋ ಚಿತ್ರ, ಮಾಡೋದು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯವ್ರು 2012ರಲ್ಲಿ ಇದಕ್ಕೇ ಅಂತ ಸ್ಟೀರಿಯೋಗ್ರಾನಿಮೇಟರ್ ಅನ್ನೋ ಟೂಲ್ ಬಿಟ್ರು, ತಮ್ಮಲ್ಲಿದ್ದ ನಲವತ್ತು ಸಾವಿರಕ್ಕೂ ಹೆಚ್ಚು ಕಾರ್ಡುಗಳನ್ನ ಅದಕ್ಕೆ ಹಾಕಿ, ತಗೊಳ್ಳಿ ಅಲ್ಲಾಡಿಸಿ ಅಂತ ಜನಕ್ಕೇ ಕೊಟ್ಬಿಟ್ರು."

"ಅಲ್ಲಾಡೋದೇನೋ ಸರಿ, ನಂಗೆ ತಲೆ ಸುತ್ತು ಬಂತು" ಅಂದೆ ನಾನು.

"ನೀನು ನೋಡಿದ್ದು ಕೆಟ್ಟದಾಗಿ ಮಾಡಿರೋದು" ಅಂದ ರಘು. " ಎರಡೂ ಫೋಟೋದಲ್ಲಿ ಒಂದು ಜಾಗ ಹಿಡೀಬೇಕು, ಅಜ್ಜನ ಕೋಟಿನ ಗುಂಡಿ ಅಂದ್ಕೋ. ಆ ಗುಂಡಿ ಗುಂಡಿ ಮೇಲೇ ಕರೆಕ್ಟಾಗಿ ಕೂರ್ಬೇಕು. ಆಗ ಗುಂಡಿ ಅಲುಗಾಡಲ್ಲ, ಅದಕ್ಕಿಂತ ಮುಂದಿರೋ ಮೊಣಕಾಲು ಒಂದ್ಕಡೆ ಸರಿಯತ್ತೆ, ಹಿಂದಿರೋ ಕಿಟಕಿ ಇನ್ನೊಂದ್ಕಡೆ. ಒಂದೊಂದು ಫ್ರೇಮು ಸೆಕೆಂಡಿನ ಹತ್ತನೇ ಒಂದು ಭಾಗ ನಿಂತ್ರೆ ಸಾಕು, ರೂಮು ಆಳವಾಗಿ ಕಾಣತ್ತೆ. ಮೇಲೆ ಕೆಳಗೆ ಒಂಚೂರು ಹೆಚ್ಚುಕಮ್ಮಿ ಆಯ್ತೋ, ಭೂಕಂಪ."

ಇಷ್ಟೊತ್ತು ಬಾಯಿ ಬಿಡದೆ ಮೊಬೈಲ್ ನೋಡ್ತಿದ್ದ ಸೀನ ತಲೆ ಎತ್ತಿದ. ಅವನಿಗೆ ಚಿಕ್ಕಂದಿನಿಂದ ಒಂದು ಕಣ್ಣು ಮಂದ. "ಕಣ್ಣಿಗೆ ಹಿಡ್ಕೊಂಡು ತ್ರೀಡಿ ಚಿತ್ರ ನೋಡೋ ಆಟಿಕೆ ಇತ್ತಲ್ಲ, ವ್ಯೂ ಮಾಸ್ಟರ್, ಅದನ್ನ ನೋಡಿ ನೀವೆಲ್ಲ ಅಬ್ಬಾ ಅಂತಿದ್ರಿ, ನಂಗೆ ಯಾವತ್ತೂ ಏನೂ ಕಾಣ್ಲಿಲ್ಲ, ಸುಮ್ನೆ ನಾನೂ ಅಬ್ಬಾ ಅಂತಿದ್ದೆ. ಇದು ಮಾತ್ರ ಕಾಣ್ತಿದೆ ಕಣ್ರೋ. ಕುರ್ಚಿ ಮುಂದಿದೆ, ಗೋಡೆ ಹಿಂದಿದೆ."

"ಕಾಣ್ಲೇಬೇಕು" ಅಂದ್ಲು ವಸುಧಾ. "ಇದಕ್ಕೆ ಎರಡು ಕಣ್ಣು ಬೇಕಾಗಿಲ್ಲ. ಬಸ್ಸಲ್ಲಿ ಕೂತಾಗ ಹತ್ರದ ಮರ ಬೇಗ ಓಡತ್ತೆ, ದೂರದ ಗುಡ್ಡ ನಿಧಾನ, ಒಂದೇ ಕಣ್ಣಲ್ಲಿ ನೋಡಿದ್ರೂ ಯಾವುದು ಹತ್ರ ಅಂತ ಗೊತ್ತಾಗತ್ತಲ್ಲ, ಅದೇ ಇದು. ಇನ್ನೊಂದು ಮಜಾ ಗೊತ್ತಾ, ಕಾರ್ಡಲ್ಲಿ ಎಡದ್ದು ಬಲದ್ದು ಅದಲು ಬದಲಾದ್ರೆ ದೂರ ಇರೋದು ಹತ್ರ ಬಂದು ಎಲ್ಲಾ ಉಲ್ಟಾ ಆಗತ್ತೆ, ಜಿಫಲ್ಲಿ ಹಾಗಾಗಲ್ಲ, ಯಾವುದು ಮೊದಲು ಹಾಕಿದ್ರೂ ನಡೆಯತ್ತೆ."

ಆಮೇಲೆ ರಘು ಚಂದ್ರನ್ನ ತೋರಿಸ್ದ. ನಿಜ ಹೇಳ್ಬೇಕು ಅಂದ್ರೆ ಅಲ್ಲಿವರೆಗೂ ನಂಗೂ ಇದೆಲ್ಲ ಮಕ್ಕಳಾಟ ಅನ್ನಿಸ್ತಿತ್ತು. ಚಂದ್ರ ಅಷ್ಟು ದೂರ ಇರೋವಾಗ ಎರಡೂವರೆ ಇಂಚು ಸರಿದು ಫೋಟೋ ತೆಗೆದ್ರೆ ಏನ್ ಬಂತು ಮಣ್ಣು, ಊರಾಚೆ ಹೋಗಿ ತೆಗೆದ್ರೂ ಅಷ್ಟೆ. ಆದ್ರೆ ವಾರನ್ ಡಿ ಲಾ ರೂ ಅನ್ನೋ ಇಂಗ್ಲಿಷ್ ಮನುಷ್ಯ 1850ರ ದಶಕದಲ್ಲೇ ಉಪಾಯ ಮಾಡ್ದ: ತಾನು ಅಲ್ಲಾಡ್ಲಿಲ್ಲ, ಚಂದ್ರನೇ ಅಲ್ಲಾಡೋವರೆಗೂ ಕಾದ. ಚಂದ್ರ ನಮ್ಗೆ ಒಂದೇ ಮುಖ ತೋರಿಸಿದ್ರೂ ಸ್ವಲ್ಪ ಆ ಕಡೆ ಈ ಕಡೆ ವಾಲ್ತಾ ಇರ್ತಾನೆ, ಹಾಗಾಗಿ ಬೇರೆ ಬೇರೆ ದಿನ ತೆಗೆದ ಎರಡು ಹುಣ್ಣಿಮೆ ಫೋಟೋನ ಜೋಡಿ ಮಾಡಿದ್ರೆ ದೋಸೆ ಥರ ಇದ್ದೋನು ಚೆಂಡಾಗ್ತಾನೆ. ಜಿಫಲ್ಲಂತೂ 'ಊಹೂಂ, ಊಹೂಂ' ಅಂತ ತಲೆ ಆಡಿಸ್ತಾನೆ.

"ಸಾಲ ಕೇಳಿದಾಗ ನಮ್ ಭಾವ ಆಡಿಸೋ ಥರಾನೇ" ಅಂದ ನಾಗರಾಜ.

ನಂಗೆ ಇಷ್ಟ ಆಗಿದ್ದು ಇನ್ನೊಂದು ಜಾತಿ, ಎಡವಟ್ಟಾಗಿರೋ ಕಾರ್ಡುಗಳು. ಎರಡು ಲೆನ್ಸಿನ ಕ್ಯಾಮೆರಾ ಇಲ್ಲದೋರು ಒಂದು ಫೋಟೋ ತೆಗ್ದು, ಕ್ಯಾಮೆರಾ ಪಕ್ಕಕ್ಕೆ ಸರಿಸಿ ಇನ್ನೊಂದು ತೆಗೀತಿದ್ರು, ಆ ಗ್ಯಾಪಲ್ಲಿ ಮಗು ಕೈ ಎತ್ತಿರತ್ತೆ, ನಾಯಿ ಎದ್ದು ಹೋಗಿರತ್ತೆ, ಯಾರದೋ ಟೋಪಿ ಮಾಯ. ಫೋಟೋಗ್ರಾಫರ್ ಹಣೆ ಚಚ್ಕೊಂಡಿರ್ಬೇಕು ಪಾಪ, ಯಾಕಂದ್ರೆ ಸ್ಟೀರಿಯೋಸ್ಕೋಪಲ್ಲಿ ಅದು ಬರೀ ಮಸುಕು ಮಸುಕು ಗಲೀಜು. ಅದೇ ಕಾರ್ಡ್ ಜಿಫ್ ಆದ್ರೆ ನಾಯಿ ಬರತ್ತೆ ಹೋಗತ್ತೆ ಬರತ್ತೆ ಹೋಗತ್ತೆ. ಎರಡೇ ಫ್ರೇಮಿನ ಸಿನಿಮಾ, ಅದೂ ಸಿನಿಮಾ ಹುಟ್ಟೋಕ್ ಮುಂಚೆ! ನೀಟಾಗಿರೋ ಸಾವಿರ ಕಾರ್ಡಿಗಿಂತ ನಂಗೆ ಈ ಒಂದು ನಾಯಿ ಸಾಕು.

"ಹಾಗಾದ್ರೆ ಈಗ್ಲೇ ಮಾಡೋಣ, ನಾಗರಾಜ, ಅಲ್ಲಾಡ್ಬೇಡ" ಅಂತ ರಘು ಮೊಬೈಲ್ ತೆಗ್ದ. ಒಂದು ಕ್ಲಿಕ್, ಸ್ವಲ್ಪ ಬಲಕ್ಕೆ ಸರಿದು ಇನ್ನೊಂದು. ಅಷ್ಟರಲ್ಲಿ ನಾಗರಾಜ "ಬಿಲ್ ಯಾರು ಕೊಡೋದು ಅಂತ ಮೊದ್ಲು ಹೇಳ್ರೋ" ಅಂದಿದ್ದ.

ಜಿಫ್ ಸೂಪರಾಗಿ ಬಂತು. ಲೋಟ ಮುಂದೆ, ವಡೆ ಅದರ ಹಿಂದೆ, ಕ್ಯಾಶ್ ಕೌಂಟರ್ ದೂರದಲ್ಲಿ. ನಾಗರಾಜನ ಬಾಯಿ ಮುಚ್ಚತ್ತೆ ತೆಗೆಯತ್ತೆ ಮುಚ್ಚತ್ತೆ ತೆಗೆಯತ್ತೆ, ನಿಲ್ಲೋದೇ ಇಲ್ಲ.

"ಮಿಕ್ಕಿದ್ದೆಲ್ಲಾ ತ್ರೀಡಿ, ಬಾಯಿ ಮಾತ್ರ ಫೋರ್‌ಡಿ" ಅಂದ ಸೀನ.

"ಜಿಫಿಗೆ ಸೌಂಡ್ ಇಲ್ಲ, ಬದುಕಿದ್ವಿ" ಅಂದ್ಲು ವಸುಧಾ.