ಓವರ್ ಸ್ಪೀಡ್ ಕೇಸು: ಫೈನ್ ಕಟ್ಟೋದಾ, ಕೋರ್ಟಿಗೆ ಹೋಗೋದಾ? ವಕೀಲರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಟ್ರಾಫಿಕ್ ಕೋರ್ಟಿನಲ್ಲಿ ದಿನಾ ಓಡಾಡುವ ನಮ್ಮ ಗುಂಪಿನ ವಕೀಲ ಮೇಡಂ ಇವತ್ತು ಸಂಜೆ ಬಿಡುವು ಮಾಡಿಕೊಂಡಿದ್ದಾರೆ. ಓವರ್ ಸ್ಪೀಡ್ ಬಗ್ಗೆ ಮಾತ್ರ ಕೇಳಿ. ಹೆಲ್ಮೆಟ್, ಪಾರ್ಕಿಂಗ್ ಇನ್ನೊಂದಿನ. ಗಾಡಿ ನಂಬರ್ ಇಲ್ಲಿ ಹಾಕಬೇಡಿ.

ವಕೀಲರು: ನಮಸ್ಕಾರ. ಕೇಳೋಕೆ ಮುಂಚೆ ಕೈಯಲ್ಲಿರೋ ಕಾಗದದಲ್ಲಿ ಯಾವ ಸೆಕ್ಷನ್ ಇದೆ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆ 183 (ಅತಿ ವೇಗ) ಅಂತಿದ್ರೆ ಒಂದು ದಾರಿ. 184 (ಅಪಾಯಕಾರಿ ಚಾಲನೆ) ಅಥವಾ ಬಿಎನ್‌ಎಸ್, ಅಂದ್ರೆ ಭಾರತೀಯ ನ್ಯಾಯ ಸಂಹಿತೆ, 281 ಅಂತಿದ್ರೆ ಬೇರೆ ದಾರಿ. ಎಷ್ಟು ದುಡ್ಡು ಅನ್ನೋದು ಆಮೇಲಿನ ಮಾತು.

ಹಳೇ ಮಾರುತಿ: ಮೇಡಂ, ಆ ದಿನ ನನ್ನ ಗಾಡಿ ಶೆಡ್ಡಲ್ಲಿತ್ತು. ಮೊಬೈಲಿಗೆ ಸಾವಿರ ರೂಪಾಯಿ ಚಲನ್ ಬಂದಿದೆ, 118ರಲ್ಲಿ ಹೋಗಿದ್ದೀನಂತೆ. ನನ್ನ ಗಾಡಿ 90 ದಾಟಿದ್ರೆ ಬಾಗಿಲು ಅಲ್ಲಾಡುತ್ತೆ. ಫೋಟೋದಲ್ಲಿರೋದು ಬಿಳಿ ಗಾಡಿ, ನನ್ನದೂ ಬಿಳಿನೇ. ಆದ್ರೆ ಅದರ ಮೇಲೆ ಕ್ಯಾರಿಯರ್ ಇದೆ, ನನ್ನದಕ್ಕಿಲ್ಲ. ಸಾವಿರಕ್ಕೆ ಯಾಕೆ ರಗಳೆ ಅಂತ ಮನೆಯವರು ಕಟ್ಟಿಬಿಡು ಅಂತಿದ್ದಾರೆ. ಫೋಟೋ ನಿಮ್ಮ ಇನ್‌ಬಾಕ್ಸಿಗೆ ಹಾಕಿದ್ದೀನಿ.

ವಕೀಲರು: ಕಟ್ಟಬೇಡಿ. ಫೋಟೋ ದೊಡ್ಡದು ಮಾಡಿ ನೋಡಿದೆ. ನಿಮ್ಮ ನಂಬರಿನ ಮೂರನೇ ಅಂಕಿ 8. ಆ ಗಾಡಿಯದ್ದು 3. ಪ್ಲೇಟಿಗೆ ಹೊಡೆದ ಸ್ಕ್ರೂ ಸರಿಯಾಗಿ 3ರ ಎಡಗಡೆ ಬಾಯಲ್ಲಿ ಕೂತಿದೆ. ಅದರಿಂದ ತುಕ್ಕು ಕೆಳಗಿಳಿದು ಬಾಯಿ ಮುಚ್ಚಿಹೋಗಿದೆ. ಕ್ಯಾಮೆರಾ ಅದನ್ನ 8 ಅಂತ ಓದಿದೆ. ಮನುಷ್ಯರು ಯಾರಾದ್ರೂ ಒಂದು ಸಲ ಕಣ್ಣಾಡಿಸಿದ್ರೆ ಗೊತ್ತಾಗೋ ವಿಷಯ.

ನಾಲ್ಕೂ ಕಡೆಯಿಂದ ನಿಮ್ಮ ಗಾಡಿ ಫೋಟೋ ತೆಗೆಯಿರಿ, ಮೇಲ್ಛಾವಣಿ ಕಾಣಬೇಕು. ಆರ್‌ಸಿ ಪ್ರತಿ ಸೇರಿಸಿ ಚಲನ್ ಹಾಕಿದ ಘಟಕಕ್ಕೆ ಬರವಣಿಗೆಯಲ್ಲಿ ಆಕ್ಷೇಪಣೆ ಕೊಡಿ. ಸ್ವೀಕೃತಿ ಸೀಲ್ ಹಾಕಿಸದೆ ವಾಪಸ್ ಬರಬೇಡಿ. ಅಲ್ಲಿ ಸರಿಹೋಗದಿದ್ರೆ ಕೋರ್ಟು. ಈ ಕೇಸಲ್ಲಿ ಕೋರ್ಟಿಗೆ ಹೋಗೋದು ವ್ಯರ್ಥ ಅಲ್ಲ.

ಇನ್ನೊಂದು, ಇದು ಎಲ್ಲರಿಗೂ. ಕಟ್ಟಿದ್ರೆ ಮುಗೀತು ಅಂದುಕೊಂಡಿದ್ದೀರಿ. ದಂಡ ಕಟ್ಟಿ ರಾಜಿ ಮಾಡಿಕೊಂಡ್ರೂ, ಅಂದ್ರೆ ವಿಚಾರಣೆ ಇಲ್ಲದೆ ಕೇಸು ಮುಗಿಸಿಕೊಂಡ್ರೂ, ಸೆಕ್ಷನ್ 200ರ ಪ್ರಕಾರ ಅದು ಮೊದಲನೇ ಅಪರಾಧ ಅಂತಲೇ ಲೆಕ್ಕ. ಎರಡನೇ ಸಲ 183 ಬಿದ್ರೆ ಡಿಎಲ್ ಜಪ್ತಿ ಮಾಡೋಕೆ ಅವಕಾಶ ಇದೆ. ಬೇರೆಯವರ ಮೊದಲನೇದನ್ನ ನೀವು ಯಾಕೆ ಹೊರಬೇಕು?

ಸಂಜೆ ಕಾಫಿ: 50 ಪರ್ಸೆಂಟ್ ರಿಯಾಯಿತಿ ಮತ್ತೆ ಯಾವಾಗ ಮೇಡಂ?

ವಕೀಲರು: ಸರ್ಕಾರ 2023ರಲ್ಲಿ ಕೊಟ್ಟಿತ್ತು, 2025ರಲ್ಲೂ ಕೊಟ್ಟಿತ್ತು. ಮುಂದಿನದು ಆದೇಶ ಬಂದಾಗ.

ಮೇಷ್ಟ್ರು: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ: "ನಿಮಗೆ ಗೊತ್ತೇ?! ಸೆಕ್ಷನ್ 209 ಪ್ರಕಾರ 14 ದಿನದೊಳಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಬರದಿದ್ದರೆ ಓವರ್ ಸ್ಪೀಡ್ ಫೈನ್ ತಾನಾಗಿಯೇ ರದ್ದು! ಪೊಲೀಸರು ಇದನ್ನು ಹೇಳುವುದಿಲ್ಲ! 10 ಜನರಿಗೆ ಕಳಿಸಿ!"

ಹಳದಿ ಬೋರ್ಡ್: ಮೇಷ್ಟ್ರೇ ಸೂಪರ್. ನನಗೆ ಬರೀ ಎಸ್‌ಎಂಎಸ್ ಬಂದಿರೋದು. ಹಾಗಾದ್ರೆ ಬಚಾವ್.

ವಕೀಲರು: ಬಚಾವಿಲ್ಲ. ಸೆಕ್ಷನ್ 209 ಇರೋದು ನಿಜ. 183, 184ರಲ್ಲಿ ಶಿಕ್ಷೆ ಕೊಡಬೇಕಾದ್ರೆ ಸ್ಥಳದಲ್ಲೇ ಎಚ್ಚರಿಕೆ ಕೊಟ್ಟಿರಬೇಕು. ಇಲ್ಲವೇ 14 ದಿನದೊಳಗೆ ನೋಟಿಸ್ ಕೊಟ್ಟಿರಬೇಕು ಅಥವಾ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿರಬೇಕು. ಅದೂ ಇಲ್ಲದಿದ್ರೆ 28 ದಿನದೊಳಗೆ ಸಮನ್ಸ್ ಜಾರಿ ಆಗಿರಬೇಕು. ಯಾವುದಾದ್ರೂ ಒಂದು ಸಾಕು. ಗಮನಿಸಿ, "ಕಳಿಸಿರಬೇಕು". ನಿಮ್ಮ ಕೈ ಸೇರಿರಬೇಕು ಅಂತಿಲ್ಲ. ವಿಳಾಸ ಪತ್ತೆ ಆಗದೆ ತಡ ಆಗಿದ್ರೆ, ಅಥವಾ ನಿಮ್ಮ ನಡವಳಿಕೆಯಿಂದಲೇ ತಡ ಆಗಿದ್ರೆ ಈ ರಕ್ಷಣೆ ಇಲ್ಲ ಅಂತ ಅದೇ ಸೆಕ್ಷನ್ ಹೇಳುತ್ತೆ. ಮನೆ ಬದಲಾಯಿಸಿ ಆರ್‌ಸಿಯಲ್ಲಿ ಹಳೇ ವಿಳಾಸವೇ ಬಿಟ್ಟಿರೋರು ಕೋರ್ಟಿನಲ್ಲಿ ಏನು ಹೇಳ್ತೀರಿ?

"ತಾನಾಗಿಯೇ ರದ್ದು" ಅನ್ನೋದು ಕಾನೂನಿನಲ್ಲಿ ಎಲ್ಲೂ ಇಲ್ಲ. ಇದು ಪ್ರತಿವಾದ. ಕೇಸು ನಡೆಸೋರು ಎತ್ತಬೇಕು, ನ್ಯಾಯಾಧೀಶರು ಒಪ್ಪಬೇಕು. ಸುಮ್ಮನೆ ಕೂತ್ರೆ ಚಲನ್ ಬಾಕಿ ಅಂತಲೇ ತೋರಿಸ್ತಿರುತ್ತೆ, ಗಾಡಿ ಮಾರೋ ದಿನ ಎದುರಿಗೆ ಬಂದು ನಿಲ್ಲುತ್ತೆ. ಮೇಷ್ಟ್ರೇ, ಹತ್ತು ಜನರಿಗೆ ಕಳಿಸಿದ್ರೆ ಆ ಹತ್ತು ಜನರಿಗೂ ಇದನ್ನೂ ಕಳಿಸಿ.

ಮೇಷ್ಟ್ರು: ನಾನು ಒಳ್ಳೇ ಉದ್ದೇಶದಿಂದ ಹಾಕಿದ್ದು.

ಕಬ್ಬಿನ ಗದ್ದೆ: ಮೇಡಂ, ನನ್ನ ತಮ್ಮಂದು. ಮೈಸೂರು ಹೈವೇಲಿ 142ರಲ್ಲಿ ಹೋಗಿದ್ದಾನೆ. ಫೈನ್ ಬರುತ್ತೆ ಅಂದ್ಕೊಂಡ್ರೆ ಎಫ್‌ಐಆರ್ ಆಗಿದೆ, ಬಿಎನ್‌ಎಸ್ 281 ಅಂತ ಬರೆದಿದ್ದಾರೆ. ಸ್ಟೇಷನ್ನಲ್ಲಿ "ಏನಿಲ್ಲ, ವಾಯಿದೆ ದಿನ ಬಂದು ತಪ್ಪು ಒಪ್ಕೊಂಡು ಸಾವಿರ ಕಟ್ಟಿ ಹೋಗಿ" ಅಂದ್ರು. ಅವನ ಹೆಸರು ಸರ್ಕಾರಿ ಕೆಲಸದ ಆಯ್ಕೆ ಪಟ್ಟೀಲಿ ಬಂದಿದೆ, ಪೊಲೀಸ್ ವೆರಿಫಿಕೇಶನ್ ಬಾಕಿ. ಒಪ್ಕೊಂಡು ಮುಗಿಸಿಬಿಡೋಣವಾ?

ವಕೀಲರು: ಬೇಡ. ವಾಯಿದೆ ಯಾವತ್ತು? ಗಾಡಿ ಯಾರ ಹೆಸರಲ್ಲಿದೆ? ಓಡಿಸ್ತಿದ್ದದ್ದು ಯಾರು ಅಂತ ಪೊಲೀಸರಿಗೆ ಯಾರಾದ್ರೂ ಬರೆದುಕೊಟ್ಟಿದ್ದೀರಾ?

ಟರ್ಬೊ: ಎಂಟು ಸಾವಿರ ಕೋಟಿ ಸುರಿದು ರೋಡ್ ಮಾಡಿ 100ರಲ್ಲಿ ಹೋಗು ಅಂದ್ರೆ ಏನರ್ಥ? ನನ್ನ ಗಾಡಿ 140ರಲ್ಲಿ ನಿದ್ದೆ ಮಾಡ್ತಾ ಹೋಗುತ್ತೆ.

ಹಳದಿ ಬೋರ್ಡ್: ಗಾಡಿ ನಿದ್ದೆ ಮಾಡಲ್ಲ ಗುರು, ನೀನು ಮಾಡ್ತೀಯ. ದಿನಾ ಅದೇ ರೋಡಲ್ಲಿ ಟ್ರಿಪ್ ಹೊಡೀತೀನಿ. ಹಿಂದಿಂದ ಲೈಟ್ ಹೊಡ್ಕೊಂಡು ಬರೋರನ್ನ ನೋಡಿ ನೋಡಿ ಸಾಕಾಗಿದೆ.

ಟರ್ಬೊ: ಬಲಗಡೆ ಲೇನಲ್ಲಿ 70ರಲ್ಲಿ ತೆವಳೋ ಹಳದಿ ಬೋರ್ಡ್‌ನಿಂದಲೇ ಆಕ್ಸಿಡೆಂಟ್ ಆಗೋದು.

ಹಳದಿ ಬೋರ್ಡ್: ನಿಂಗೆ ಫೈನ್ ಬಂದ್ರೆ ಒಂದು ಡಿನ್ನರ್ ಕಮ್ಮಿ. ನನಗೆ ಎರಡು ದಿನದ ದುಡಿಮೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಕಬ್ಬಿನ ಗದ್ದೆ: ಮೇಡಂ, ಆರ್‌ಸಿ ಅಪ್ಪನ ಹೆಸರಲ್ಲಿದೆ. ಯಾರು ಓಡಿಸ್ತಿದ್ರು ಅಂತ ನೋಟಿಸ್ ಬಂದಿತ್ತು. ಮಗನೇ ಅಂತ ಅಪ್ಪ ಬರೆದು ಸಹಿ ಹಾಕಿದ್ದಾರೆ. ಇದೇ 24ಕ್ಕೆ ವಾಯಿದೆ.

ವಕೀಲರು: ಅಪ್ಪ ಸರಿಯಾದದ್ದನ್ನೇ ಮಾಡಿದ್ದಾರೆ. ಸೆಕ್ಷನ್ 133ರಲ್ಲಿ ಕೇಳಿದಾಗ ಮಾಲೀಕರು ಹೇಳಲೇಬೇಕು. ಗೊತ್ತಿದ್ದೂ ಮುಚ್ಚಿಟ್ರೆ, ಸುಳ್ಳು ಹೇಳಿದ್ರೆ ಅದೇ ಬೇರೆ ಅಪರಾಧ. ಇನ್ನು ವಿಷಯಕ್ಕೆ ಬರ್ತೀನಿ, ಸ್ವಲ್ಪ ಉದ್ದ ಆಗುತ್ತೆ.

183 ಅಂದ್ರೆ ವೇಗದ ಮಿತಿ ದಾಟಿದ್ದಕ್ಕೆ ದಂಡ. 2024ರ ಆಗಸ್ಟ್ 1ರಿಂದ ನಮ್ಮ ರಾಜ್ಯದಲ್ಲಿ 130 ದಾಟಿದವರ ಮೇಲೆ ಎಫ್‌ಐಆರ್ ಹಾಕೋದು ಶುರುವಾಯ್ತು. 281 ಅಂದ್ರೆ ಮನುಷ್ಯರ ಜೀವಕ್ಕೆ ಅಪಾಯ ಆಗುವಂತೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಓಡಿಸಿದ್ದು. ಆರು ತಿಂಗಳವರೆಗೆ ಜೈಲು, ಅಥವಾ ಸಾವಿರದವರೆಗೆ ದಂಡ, ಅಥವಾ ಎರಡೂ. ಇಲ್ಲೂ ಸಾವಿರ, ಅಲ್ಲೂ ಸಾವಿರ ಅಂತ ಜನ ಎರಡನ್ನೂ ಒಂದೇ ಅಂದುಕೊಳ್ತಾರೆ. 183ರಲ್ಲಿ ಸಾವಿರ ಕಟ್ಟಿ ರಾಜಿ ಮಾಡಿಕೊಳ್ಳಬಹುದು. 281ಕ್ಕೆ ರಾಜಿ ಇಲ್ಲ, ಲೋಕ ಅದಾಲತ್ತಿನಲ್ಲೂ ಮುಗಿಯಲ್ಲ. ತಪ್ಪೊಪ್ಪಿಕೊಂಡು ಸಾವಿರ ಕಟ್ಟಿದ್ರೆ ಅದು ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆ ಆದಂತೆ. ರಸೀದಿ ಚಿಕ್ಕದು, ದಾಖಲೆ ದೊಡ್ಡದು.

ಕೇಸಲ್ಲಿ ಹುರುಳಿದೆಯಾ? ಬರೀ ವೇಗ ಅಂತ ತೋರಿಸಿದ್ರೆ ದುಡುಕು ಸಾಬೀತಾಗಲ್ಲ. "ಸ್ಟೇಟ್ ಆಫ್ ಕರ್ನಾಟಕ ವಿರುದ್ಧ ಸತೀಶ್", 1998, ನಮ್ಮ ರಾಜ್ಯದ್ದೇ ಲಾರಿ ಕೇಸು. ಹೈ ಸ್ಪೀಡಿನಲ್ಲಿತ್ತು ಅಂದ ಮಾತ್ರಕ್ಕೆ ನಿರ್ಲಕ್ಷ್ಯ ಅಥವಾ ದುಡುಕು ಅಂತ ಹೇಳೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ರೋಡು ಹೇಗಿತ್ತು, ಮುಂದೆ ಗಾಡಿ ಎಷ್ಟಿತ್ತು, ಮಳೆಯಾ, ಲೇನ್ ಕತ್ತರಿಸಿದ್ನಾ ಅನ್ನೋದನ್ನ ಪ್ರಾಸಿಕ್ಯೂಷನ್ ತೋರಿಸಬೇಕು. ಆ ತೀರ್ಪು ಇದೆ ಅಂತ ನಿದ್ದೆ ಮಾಡಬೇಡಿ, 142ನ್ನ ಯಾವ ನ್ಯಾಯಾಧೀಶರೂ ಮೆಚ್ಚಲ್ಲ. ಆದ್ರೆ ವಾದ ಮಾಡೋಕೆ ಜಾಗ ಇದೆ. ಹೈಕೋರ್ಟಿನಲ್ಲಿ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 528ರಲ್ಲಿ ರದ್ದು ಕೇಳೋ ದಾರಿಯೂ ಇದೆ, ಖರ್ಚಿನ ದಾರಿ. ಕೊನೆಗೆ ಶಿಕ್ಷೆಯೇ ಆಗೋದಾದ್ರೂ 1958ರ ಪ್ರೊಬೇಷನ್ ಕಾಯ್ದೆಯ ಸೆಕ್ಷನ್ 3 ಅಥವಾ 4ರಲ್ಲಿ, ಅಂದ್ರೆ ಬುದ್ಧಿಮಾತು ಹೇಳಿ ಅಥವಾ ಒಳ್ಳೇ ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಬಿಡಿ ಅಂತ ಕೇಳಬಹುದು. ಹಾಗೆ ಬಿಟ್ರೆ ಸೆಕ್ಷನ್ 12 ಪ್ರಕಾರ ಶಿಕ್ಷೆಯಿಂದ ಬರೋ ಅನರ್ಹತೆ ತಟ್ಟಲ್ಲ. ಅವಸರದಲ್ಲಿ ಕಟಕಟೆ ಹತ್ತಿ "ಒಪ್ಕೊಂಡೆ" ಅನ್ನೋನಿಗೆ ಇದೊಂದನ್ನೂ ಕೇಳೋಕೆ ಪುರುಸೊತ್ತಿರಲ್ಲ.

ವೆರಿಫಿಕೇಶನ್ ಫಾರಂನಲ್ಲಿ ಕೇಸು ಇದೆಯಾ ಅಂತ ಕೇಳಿದ್ರೆ ಇದೆ ಅಂತಲೇ ಬರೀಲಿ. ಇದು ತಮ್ಮನಿಗೆ ಚೆನ್ನಾಗಿ ತಿಳಿಸಿ. ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪು ಇರೋದು ಇದೇ ವಿಷಯಕ್ಕೆ. ಸಣ್ಣ ಕೇಸನ್ನ ನೇಮಕಾತಿ ಮಾಡೋರು ಮನ್ನಿಸಬಹುದು, ಮುಚ್ಚಿಟ್ಟದ್ದೇ ಕೆಲಸ ಕಳೆಯುತ್ತೆ.

24ಕ್ಕೆ ವಕೀಲರಿಲ್ಲದೆ ಹೋಗಬೇಡಿ. ನಾನೇ ಬೇಕು ಅಂತಿಲ್ಲ.

ಕಬ್ಬಿನ ಗದ್ದೆ: ಮೇಡಂ, ಕೈ ನಡುಗ್ತಿದೆ. ಅವನಿಗೆ ಫೋನ್ ಮಾಡ್ತೀನಿ.

ಸಂಜೆ ಕಾಫಿ: ಲೋಕ ಅದಾಲತ್ತಲ್ಲಿ ಅರ್ಧಕ್ಕೆ ಬಿಡ್ತಾರಂತಲ್ಲ?

ವಕೀಲರು: ಮೇಲೆ ಹೇಳಿದೆ.

ಲಾರಿ ಮಾಲೀಕ: ಸ್ಪೀಡ್ ಗವರ್ನರ್ (ವೇಗ ಮಿತಿ ದಾಟದಂತೆ ತಡೆಯೋ ಸಾಧನ) ಸೀಲ್ ಇದ್ದೂ 183 ಹಾಕಿದ್ದಾರೆ. ಸೀಲ್ ಸರ್ಟಿಫಿಕೇಟ್ ಕೋರ್ಟಲ್ಲಿ ನಡೆಯುತ್ತಾ?

ಹಳದಿ ಬೋರ್ಡ್: ಮೇಡಂ, ನನ್ನದು ಬರೀ 183. ಸ್ಪೀಡ್ ಗನ್ ಹಿಡ್ಕೊಂಡು ನಿಂತಿದ್ರು, 100ಕ್ಕೆ 109. ನಾನು 95ರಲ್ಲಿದ್ದೆ ಅಂತ ಮೀಟರ್ ಹೇಳ್ತಿತ್ತು. ಹೋರಾಡಲಾ?

ವಕೀಲರು: ಗಾಡಿ ಮೀಟರ್ ಸಾಕ್ಷಿ ಆಗಲ್ಲ. ಪೊಲೀಸರ ಕಣ್ಣಂದಾಜು ಒಂದೇ ಇದ್ರೆ ಶಿಕ್ಷೆ ಇಲ್ಲ ಅಂತ 183(3) ಹೇಳುತ್ತೆ. ಯಂತ್ರದ ಲೆಕ್ಕ ಇದ್ರೆ ಆ ಮಾತು ಮುಗೀತು. ಉಳಿಯೋದು ಯಂತ್ರ. ಅದಕ್ಕೆ ಅನುಮೋದನೆ ಪ್ರಮಾಣಪತ್ರ ಇದೆಯಾ, ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯಾ ಅನ್ನೋ ಪರೀಕ್ಷೆ) ಯಾವಾಗ ಆಗಿದೆ, ಫೋಟೋದಲ್ಲಿ ನಿಮ್ಮ ಪಕ್ಕ ಇನ್ನೊಂದು ಗಾಡಿ ಇದೆಯಾ, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಸಾಕ್ಷ್ಯ ಅಧಿನಿಯಮದ 63ರ ಪ್ರಮಾಣಪತ್ರ ಜೊತೆಗಿದೆಯಾ. ಪಾಟೀಸವಾಲಿನಲ್ಲಿ ಕೇಳಬಹುದಾದ ಪ್ರಶ್ನೆಗಳು ಇವೆ. ಆದ್ರೆ ಅಲ್ಲಿವರೆಗೆ ಹೋಗೋಕೆ ಎಷ್ಟು ವಾಯಿದೆ ಬೇಕಾಗುತ್ತೆ? ಪ್ರತಿ ವಾಯಿದೆಗೂ ನಿಮ್ಮ ಟ್ರಿಪ್ ಹೋಗುತ್ತೆ. ಮೊದಲನೇದಾದ್ರೆ ಕಟ್ಟಿ. ಎರಡನೇದಾಗಿ ಡಿಎಲ್ ಹೋಗೋ ಹಾಗಿದ್ರೆ ಬನ್ನಿ, ಅದು ಹೊಟ್ಟೆಪಾಡಿನ ಪ್ರಶ್ನೆ.

ಟರ್ಬೊ: ನೋಡಿ, ಕೊನೆಗೆ "ಕಟ್ಟಿ" ಅಂತಲೇ ಹೇಳೋದು. ವಕೀಲರೂ ಪೊಲೀಸರೂ ಒಂದೇ. ಈ ಆಪ್ ಹಾಕ್ಕೊಳ್ಳಿ, ಪೆಂಡಿಂಗ್ ಚಲನ್ ಎಲ್ಲ 70 ಪರ್ಸೆಂಟ್ ಕಮ್ಮೀಲಿ ಕ್ಲಿಯರ್ ಆಗುತ್ತೆ. ಫೈಲ್ ಕಳಿಸ್ತಿದ್ದೀನಿ.

ವಕೀಲರು: ಆ ಫೈಲ್ ಯಾರೂ ತೆರೆಯಬೇಡಿ. ವಾಟ್ಸಾಪಿನಲ್ಲಿ ಬರೋ ಎಪಿಕೆ (ಆಪ್ ಇನ್‌ಸ್ಟಾಲ್ ಮಾಡೋ ಫೈಲ್) ಚಲನ್ ಆಪ್‌ಗಳು ಫೋನಿನ ಎಸ್‌ಎಂಎಸ್ ಓದಿ ಬ್ಯಾಂಕ್ ಖಾಲಿ ಮಾಡ್ತವೆ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡಿ, ಇಲ್ಲ ಟ್ರಾಫಿಕ್ ಸ್ಟೇಷನ್ನಿಗೆ ಹೋಗಿ. ಅಡ್ಮಿನ್, ಅಳಿಸಿ.

ಅಡ್ಮಿನ್: ಅಳಿಸಿದೆ.

ಟರ್ಬೊ: ನನ್ನ ಫ್ರೆಂಡಿಗೆ ಕೆಲಸ ಮಾಡಿದೆ.

ವಕೀಲರು: ಫ್ರೆಂಡಿನ ಪಾಸ್‌ಬುಕ್ ನೋಡಿ.

ಪುಟ್ಟಿ ಅಮ್ಮ: ಮೇಡಂ, ಸ್ಕೂಟರ್ ಓಡಿಸಿದ್ದು ಮಗ, 17 ವರ್ಷ. ನಾನೇ ಓಡಿಸಿದ್ದು ಅಂತ ಹೇಳಿಬಿಡ್ಲಾ?

ವಕೀಲರು: ಮೊದಲು ಈ ಮೆಸೇಜ್ ತೆಗೆಯಿರಿ. ಸುಳ್ಳು ಹೇಳಬೇಡಿ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟದ್ದಕ್ಕೆ 199ಎ ಇದೆ: ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ, ಹನ್ನೆರಡು ತಿಂಗಳು ನೋಂದಣಿ ರದ್ದು. ನಾಳೆ ಯಾರಾದ್ರೂ ವಕೀಲರನ್ನ ಮುಖತಃ ಕಾಣಿ. ಕೀಲಿ ಇವತ್ತೇ ಎತ್ತಿಡಿ.

ಮೇಷ್ಟ್ರು: ಇನ್ನೊಂದು ಬಂದಿದೆ: "ಒಮ್ಮೆ ಫೈನ್ ಕಟ್ಟಿದರೆ ಅವತ್ತು ರಾತ್ರಿ 12ರವರೆಗೆ..."

ವಕೀಲರು: ಮೇಷ್ಟ್ರೇ.

ಹಳದಿ ಬೋರ್ಡ್: 😂

ಸಂಜೆ ಕಾಫಿ: ನಂದು ಎರಡು ವರ್ಷದ ಹಳೇದು, ಆರು ತಿಂಗಳಿಗೆ ಅವಧಿ ಮುಗಿಯುತ್ತೆ ಅಂತಾರೆ. ರಿಯಾಯಿತಿಗೆ ಕಾಯಲಾ, ಬಿಡಲಾ?

ವಕೀಲರು: ದಂಡ ಮಾತ್ರ ಇರೋ ಅಪರಾಧಕ್ಕೆ ಬಿಎನ್‌ಎಸ್‌ಎಸ್ 514ರಲ್ಲಿ ಆರು ತಿಂಗಳ ಮಿತಿ ಇದೆ. ತಡ ಮನ್ನಿಸೋ ಅಧಿಕಾರವೂ ಕೋರ್ಟಿಗಿದೆ. ಅವಧಿಯೊಳಗೆ ಕೋರ್ಟಿಗೆ ಕಳಿಸಿದ್ದಾರಾ ಅಂತ ಮೊದಲು ವಿಚಾರಿಸಿ. ರಿಯಾಯಿತಿ ಬಗ್ಗೆ ಮೂರನೇ ಸಲ ಕೇಳಿದ್ರಿ.

ಸಂಜೆ ಕಾಫಿ: ಎರಡನೇದು ಲೋಕ ಅದಾಲತ್ ಬಗ್ಗೆ ಆಗಿತ್ತು. ಇಷ್ಟು ಸಿಡುಕೋದಾದ್ರೆ ಪ್ರಶ್ನೋತ್ತರ ಯಾಕೆ?

ಹಳೇ ಮಾರುತಿ: ಬಿಡಿ ಸರ್, ಪುಕ್ಕಟೆ ಹೇಳ್ತಿದ್ದಾರೆ. ಮೇಡಂ, ಈಗಷ್ಟೇ ಹೋಗಿ ನನ್ನ ಪ್ಲೇಟ್ ನೋಡಿದೆ, 8ರ ಹತ್ತಿರ ಸ್ಕ್ರೂನೇ ಇಲ್ಲ. ಅದರ ಫೋಟೋನೂ ಹಾಕಲಾ?

ವಕೀಲರು: ಹಾಕಿ. ಹತ್ತಿರದಿಂದ ತೆಗೆಯಿರಿ.

ಕಬ್ಬಿನ ಗದ್ದೆ: ಮೇಡಂ, ತಮ್ಮನ ಹತ್ರ ಮಾತಾಡಿದೆ. ಅವತ್ತು ಮಳೆ ಇರಲಿಲ್ಲ, ರೋಡ್ ಖಾಲಿ ಇತ್ತು ಅಂತಾನೆ. ಡ್ಯಾಶ್‌ಕ್ಯಾಮ್ ಇದೆಯಂತೆ, ಮೆಮೊರಿ ಕಾರ್ಡ್ ತೆಗೆದಿಟ್ಟಿದ್ದಾನೆ.

ವಕೀಲರು: ಕಾರ್ಡನ್ನ ಮತ್ತೆ ಗಾಡಿಗೆ ಹಾಕಬೇಡಿ, ಮೇಲೆ ಮೇಲೆ ಬರೆದುಬಿಡುತ್ತೆ. ಅದರಲ್ಲಿ ಏನಿದೆ ಅಂತ ಇಲ್ಲಿ ಹೇಳಬೇಡಿ, ವಕೀಲರಿಗೆ ಮಾತ್ರ. ದೋಷಾರೋಪ ಪಟ್ಟಿಯ ಪ್ರತಿ ಕೇಳಿ ತಗೊಳ್ಳಿ. 24ಕ್ಕೆ ಜಾಮೀನು ಆಗುತ್ತೆ, ಆಧಾರ್ ಜೊತೆ ಶ್ಯೂರಿಟಿ ಒಬ್ಬರನ್ನ ಕರ್ಕೊಂಡು ಬನ್ನಿ.

ಲಾರಿ ಮಾಲೀಕ: ಮೇಡಂ, ನನ್ನ ಗವರ್ನರ್ ಪ್ರಶ್ನೆ?