ಹಳೆಯ ಫೋರ್‌ವೀಲ್ ಬೊಲೆರೊವನ್ನು ಮನೆಯಲ್ಲೇ ಪಿಕಪ್ ಮಾಡಿಕೊಳ್ಳಬಹುದೇ?

ಡೋಣಿ ದಂಡೆ, ತಾಳಿಕೋಟೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2004ರಲ್ಲಿ ನೋಂದಣಿಯಾದ, ಏಳು ಸೀಟಿನ ಡೀಸೆಲ್ ಬೊಲೆರೊ ಇದೆ, ಫೋರ್‌ವೀಲ್ (ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಹೋಗುವ) ಮಾದರಿ. ಎಂಜಿನ್, ಗೇರ್‌ಬಾಕ್ಸ್, ಚಾಸಿ (ಬಾಡಿಯನ್ನು ಹೊರುವ ಕೆಳಗಿನ ಚೌಕಟ್ಟು) ಮೂರೂ ಗಟ್ಟಿಯಾಗಿವೆ. ಆದರೆ ಹಿಂದಿನ ಸೀಟಿನ ಕೆಳಗಿನ ನೆಲವೂ ಹಿಂಬಾಗಿಲಿನ ಚೌಕಟ್ಟೂ ಜಂಗು ಹಿಡಿದು, ಬೆರಳಿನಿಂದ ಒತ್ತಿದರೆ ಪುಡಿ ಉದುರುವ ಸ್ಥಿತಿಗೆ ಬಂದಿವೆ. ಗುಜರಿಯವರು ಹೇಳುವ ಬೆಲೆಗೆ ಕೊಡಲು ಮನಸ್ಸಿಲ್ಲ. ನಮ್ಮದು ಎರೆ ಹೊಲ. ಮಳೆ ಬಿದ್ದ ಮರುದಿನ ಟ್ರ್ಯಾಕ್ಟರ್ ಬಿಟ್ಟರೆ ಹೊಲದ ದಾರಿಯಲ್ಲಿ ಹೂತುಕೊಳ್ಳದೆ ಹೋಗಿಬರುವುದು ಇದೊಂದೇ ಗಾಡಿ. ಆದ್ದರಿಂದ ಹಿಂದಿನ ಅರ್ಧ ಭಾಗವನ್ನು ಕತ್ತರಿಸಿ ತೆಗೆದು, ಜೋಳದ ಚೀಲ, ಕಣಿಕಿ, ಪೈಪುಗಳನ್ನು ಹೇರಲು ಬರುವಂತೆ ಟ್ರಾಲಿ ಕೂರಿಸಬೇಕೆಂದಿದ್ದೇನೆ. ಮನೆಯಲ್ಲಿ ಆರ್ಕ್ ವೆಲ್ಡಿಂಗ್ ಯಂತ್ರ ಮತ್ತು ಗ್ರೈಂಡರ್ ಇವೆ, ತಮ್ಮನಿಗೆ ವೆಲ್ಡಿಂಗ್ ಕೆಲಸ ಬರುತ್ತದೆ. ಎಲ್ಲಿ ಕತ್ತರಿಸಬೇಕು, ಟ್ರಾಲಿಯನ್ನು ಚಾಸಿಗೆ ಹೇಗೆ ಹಿಡಿಸಬೇಕು, ಸ್ಪ್ರಿಂಗ್‌ಗೆ ಪಟ್ಟಿ ಸೇರಿಸಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉದ್ಯಮಬಾಗ್ ಬಾಡಿ ಕೆಲಸ, ಬೆಳಗಾವಿ

ಯಜಮಾನರೇ, ಬೊಲೆರೊಗೆ ಚಾಸಿ ಬೇರೆ, ಬಾಡಿ ಬೇರೆ. ಆದ್ದರಿಂದ ನೀವು ಯೋಚಿಸಿರುವುದು ಆಗುವ ಕೆಲಸವೇ. ಚಾಸಿಯೂ ಬಾಡಿಯೂ ಒಂದೇ ಆಗಿರುವ ಈಗಿನ ಕಾರುಗಳಾಗಿದ್ದರೆ ಕತ್ತರಿಸಲೇಬೇಡಿ ಎನ್ನುತ್ತಿದ್ದೆ, ಏಕೆಂದರೆ ಅವುಗಳ ಛಾವಣಿಯೂ ಪಕ್ಕದ ತಗಡೂ ಸೇರಿಯೇ ಗಾಡಿಯ ಬಲ.

ಕತ್ತರಿಸುವ ಜಾಗವನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ನಾಲ್ಕು ಬಾಗಿಲು ಉಳಿಸಿಕೊಂಡು ಹಿಂದೆ ಸಣ್ಣ ಟ್ರಾಲಿ ಮಾಡುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಹಾಗೆ ಮಾಡಿದರೆ ಹೇರಿದ ಭಾರದ ಬಹುಪಾಲು ಹಿಂದಿನ ಆ್ಯಕ್ಸಲ್‌ನ ಆಚೆಗೆ ಬೀಳುತ್ತದೆ, ಮೂತಿ ಮೇಲೇಳುತ್ತದೆ, ಮುಂದಿನ ಗಾಲಿಗಳ ಮೇಲಿನ ತೂಕ ಕಡಿಮೆಯಾಗಿ ಸ್ಟೀರಿಂಗ್ ಹಗುರಾಗುತ್ತದೆ. ಕೆಸರಿನಲ್ಲಿ ಮುಂದಿನ ಗಾಲಿಗಳು ನೆಲ ಕಚ್ಚದಿದ್ದರೆ ಫೋರ್‌ವೀಲ್ ಇದ್ದೂ ಇಲ್ಲದಂತೆಯೇ. ಮುಂದಿನ ಎರಡು ಬಾಗಿಲುಗಳ ಹಿಂದಿನ ಕಂಬದ ಬಳಿ ಕತ್ತರಿಸಿ, ಟ್ರಾಲಿಯ ನಡುಭಾಗವು ಆ್ಯಕ್ಸಲ್‌ಗಿಂತ ಸ್ವಲ್ಪ ಮುಂದಕ್ಕೇ ಬರುವಂತೆ ಕೂರಿಸುವುದು ಸರಿ.

ಗ್ರೈಂಡರ್ ಮುಟ್ಟುವ ಮೊದಲು ಬಾಗಿಲುಗಳ ಬಾಯಿಗೆ ಒಂದು ಇಂಚಿನ ಚೌಕ ಪೈಪನ್ನು ಓರೆಯಾಗಿ ತಾತ್ಕಾಲಿಕ ವೆಲ್ಡಿಂಗ್ ಮಾಡಿ. ಎಡಗಂಬದಿಂದ ಬಲಗಂಬಕ್ಕೆ ಮೇಲೊಂದು, ಕೆಳಗೊಂದು ಅಡ್ಡ ಪೈಪು ಹಾಕಿ. ಇದನ್ನು ಬಿಟ್ಟರೆ ಛಾವಣಿ ಕತ್ತರಿಸಿದ ಕೂಡಲೇ ಕಂಬಗಳು ಒಂದಿಷ್ಟು ಅಗಲುತ್ತವೆ, ಆಮೇಲೆ ಬಾಗಿಲು ಚಿಲಕಕ್ಕೆ ಕೂರುವುದಿಲ್ಲ. ಛಾವಣಿಯನ್ನು ಕಂಬದ ನೇರಕ್ಕೆ ಕತ್ತರಿಸದೆ ನಾಲ್ಕೈದು ಇಂಚು ಹಿಂದಕ್ಕೆ ಬಿಡಿ. ಆ ಅಂಚನ್ನು ಕೆಳಗೆ ಮಡಿಚಿದರೆ ಕ್ಯಾಬಿನ್ನಿನ ಹಿಂಗೋಡೆಗೆ ಹಿಡಿತವೂ ಸಿಗುತ್ತದೆ, ಮಳೆನೀರು ಒಳಗಿಳಿಯುವುದೂ ತಪ್ಪುತ್ತದೆ.

ಬಾಡಿಯ ತೆಳು ತಗಡಿಗೆ ನಿಮ್ಮ ಆರ್ಕ್ ಯಂತ್ರ ಆಗಿಬರುವುದಿಲ್ಲ, ತೂತು ಬೀಳುತ್ತದೆ. ಹಿಂಗೋಡೆಯ ಕೆಲಸಕ್ಕೆ ಸಿಓಟೂ (ಅನಿಲ ಮತ್ತು ತೆಳು ತಂತಿಯ) ವೆಲ್ಡಿಂಗ್ ಯಂತ್ರವನ್ನು ಬಾಡಿಗೆಗೆ ತನ್ನಿ. ಒಂದೊಂದು ಇಂಚು ಹಾಕಿ, ಜಾಗ ಬಿಟ್ಟು, ಆರಲು ಬಿಟ್ಟು ಮತ್ತೆ ಹಾಕಿ. ಉದ್ದಕ್ಕೆ ಒಂದೇ ಸಮನೆ ಎಳೆದರೆ ತಗಡು ಹಪ್ಪಳದಂತೆ ಅಲೆಯೇಳುತ್ತದೆ. ಬ್ಯಾಟರಿಯ ಎರಡೂ ತುದಿ ಬಿಚ್ಚಿಡಿ, ಡೀಸೆಲ್ ಟ್ಯಾಂಕನ್ನು ಇಳಿಸಿ ದೂರ ಇಡಿ. ಅರ್ಥಿಂಗ್ ಕ್ಲಾಂಪನ್ನು ವೆಲ್ಡಿಂಗ್ ನಡೆಯುವ ಜಾಗದ ಪಕ್ಕದಲ್ಲೇ ಹಾಕಿ. ದೂರದಲ್ಲಿ, ಅಂದರೆ ಆ್ಯಕ್ಸಲ್‌ಗೋ ಎಂಜಿನ್ನಿಗೋ ಹಾಕಿದರೆ ಕರೆಂಟು ಬೇರಿಂಗುಗಳ ಮೂಲಕ ಹಾದು ಅವುಗಳ ಮೇಲೆ ಚುಕ್ಕೆ ಬೀಳುತ್ತದೆ. ಆ ಹಾನಿ ಅಂದು ಕಾಣುವುದಿಲ್ಲ, ಗಾಡಿ ಓಡಿದ ಮೇಲೆ ಸದ್ದಿನಲ್ಲಿ ಕೇಳಿಸುತ್ತದೆ.

ಟ್ರಾಲಿಯನ್ನು ಚಾಸಿಗೆ ವೆಲ್ಡಿಂಗ್ ಮಾಡಬೇಡಿ. ಬಾಡಿ ಕೂತಿದ್ದ ಹಳೆಯ ಬ್ರಾಕೆಟ್‌ಗಳನ್ನೇ ಬಳಸಿ, ಹೊಸ ರಬ್ಬರ್ ಬುಷ್ ಇಟ್ಟು ನಟ್ಟು-ಬೋಲ್ಟಿನಲ್ಲಿ ಬಿಗಿಯಿರಿ. ಕ್ಯಾಬಿನ್ನಿಗೂ ಟ್ರಾಲಿಗೂ ನಡುವೆ ಒಂದರಿಂದ ಒಂದೂವರೆ ಇಂಚು ಸಂದು ಇರಲೇಬೇಕು. ಬದು ಹತ್ತಿ ಇಳಿಯುವಾಗ ಚಾಸಿ ತಿರುಚಿಕೊಳ್ಳುತ್ತದೆ. ಎರಡನ್ನೂ ಸೇರಿಸಿಬಿಟ್ಟರೆ ಆ ತಿರುಚು ಹಿಂಗೋಡೆಗೆ ಬಂದು, ಮೊದಲ ಬಿರುಕು ಹಿಂಗಾಜಿನ ಮೂಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ಗಾಜಿನ ಚೌಕಟ್ಟಿನ ಮೂಲೆಗಳನ್ನು ಕಾಟಕೋನದಲ್ಲಿ (ಲಂಬಕೋನದಲ್ಲಿ) ಕತ್ತರಿಸದೆ ದುಂಡಗೆ ಮಾಡಿ.

ನೆಲಕ್ಕೆ ಎಲ್ಲರೂ 3 ಮಿಲಿಮೀಟರ್ ಚೆಕರ್ಡ್ ಪ್ಲೇಟನ್ನೇ ತರುತ್ತಾರೆ. ಅದು ಚದರ ಮೀಟರಿಗೆ ಸುಮಾರು 25 ಕಿಲೋ ತೂಗುತ್ತದೆ, 2 ಮಿಲಿಮೀಟರ್ ಸಾದಾ ತಗಡಾದರೆ 16 ಕಿಲೋದೊಳಗೆ ಬರುತ್ತದೆ. 1.8 ಮೀಟರ್ ಉದ್ದ, 1.5 ಮೀಟರ್ ಅಗಲದ ಟ್ರಾಲಿಯ ನೆಲವೊಂದರಲ್ಲೇ ಸುಮಾರು 25 ಕಿಲೋ ಉಳಿಯಿತು. ಕೆಳಗೆ ಅಡ್ಡಪಟ್ಟಿಗಳನ್ನು ಹತ್ತಿರ ಹತ್ತಿರ ಕೊಟ್ಟರೆ ಜೋಳದ ಚೀಲಕ್ಕೆ ಸಾದಾ ತಗಡೇ ಸಾಕು.

ಕಾಗದಪತ್ರ ಮೊದಲು, ಬಾಗಲಕೋಟೆ

ಮೇಲಿನವರು ಕೆಲಸವನ್ನು ಬಹಳ ಚೆನ್ನಾಗಿ ವಿವರಿಸಿದ್ದಾರೆ, ಆದರೆ ಪ್ರಶ್ನೆ ಕೇಳಿದವರು ಕೇಳದೇ ಬಿಟ್ಟ ಸಂಗತಿಯೊಂದಿದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. ಬಾಡಿಯ ಬಗೆ, ಸೀಟುಗಳ ಸಂಖ್ಯೆ, ಖಾಲಿ ತೂಕ ಮೂರೂ ಆ ಪತ್ರದಲ್ಲಿರುತ್ತವೆ, ಮತ್ತು ನಿಮ್ಮ ಯೋಜನೆಯಲ್ಲಿ ಮೂರೂ ಬದಲಾಗುತ್ತವೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182-ಎ ಕಲಮಿನಲ್ಲಿ, ಇಂಥ ಪ್ರತಿಯೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಎಂದಿದೆ. ದಂಡವನ್ನಾದರೂ ಕಟ್ಟಬಹುದು, ಅಪಘಾತವಾದ ದಿನ ವಿಮಾ ಕಂಪನಿಯು ಗಾಡಿ ಪತ್ರದಲ್ಲಿದ್ದಂತೆ ಇಲ್ಲವೆಂದು ತಕರಾರು ಎತ್ತಿದರೆ ಆ ಹೊರೆ ಹೊಲ ಮಾರಿದರೂ ತೀರುವಂಥದ್ದಲ್ಲ.

ಡೋಣಿ ದಂಡೆ, ತಾಳಿಕೋಟೆ

ಇಬ್ಬರಿಗೂ ಧನ್ಯವಾದಗಳು. ಗಾಡಿಯನ್ನು ಡಾಂಬರು ರಸ್ತೆಗೆ ತರದೆ, ನಮ್ಮ ಹೊಲದಲ್ಲಷ್ಟೇ ಓಡಿಸುವುದಾದರೂ ಈ ತೊಡಕು ಇರುತ್ತದೆಯೇ?

ಕಾಗದಪತ್ರ ಮೊದಲು, ಬಾಗಲಕೋಟೆ

ಇರುತ್ತದೆ. ನೋಂದಣಿಯಿಲ್ಲದೆ ಓಡಿಸಬಾರದೆನ್ನುವ 39ನೇ ಕಲಮು ಸಾರ್ವಜನಿಕ ಸ್ಥಳಕ್ಕೆ ನಿಲ್ಲದೆ ‘ಇತರ ಯಾವುದೇ ಸ್ಥಳ’ವನ್ನೂ ಸೇರಿಸಿಕೊಂಡಿದೆ. ಅಲ್ಲದೆ ಹೊಲಕ್ಕೆ ಹೋಗಲು ನೀವು ಊರಿನ ದಾರಿಯನ್ನು ತುಳಿಯಲೇಬೇಕಲ್ಲವೇ? ಕತ್ತರಿಸುವ ಮೊದಲು ಗಾಡಿಯ ಮೂಲ ಪತ್ರ ಮತ್ತು ಅಳತೆ ಬರೆದ ನಕ್ಷೆಯೊಂದಿಗೆ ವಿಜಯಪುರದ ಆರ್‌ಟಿಓ ಕಚೇರಿಗೆ ಲಿಖಿತ ಅರ್ಜಿ ಕೊಡಿ, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ. ಏಜೆಂಟರ ಬಾಯಿಮಾತನ್ನು ನೆಚ್ಚಬೇಡಿ. ಒಂದು ವೇಳೆ ಒಪ್ಪಿಗೆ ಸಿಕ್ಕಿ ಅದು ಸರಕು ವಾಹನವಾದರೆ, ಒಟ್ಟು ತೂಕ 3,000 ಕಿಲೋ ಮೀರದ ತನಕ ಪರ್ಮಿಟ್ ಬೇಕಾಗಿಲ್ಲ. ಆದರೆ ಹಳದಿ ಫಲಕ ಬರುತ್ತದೆ, ಎಂಟು ವರ್ಷ ದಾಟಿದ ಗಾಡಿಯಾದ್ದರಿಂದ ಫಿಟ್‌ನೆಸ್ ಪ್ರತಿವರ್ಷವೂ ಮಾಡಿಸಬೇಕಾಗುತ್ತದೆ. ಒಪ್ಪಿಗೆ ಸಿಗದಿದ್ದರೆ, ಕಂಪನಿಯಿಂದಲೇ ಫೋರ್‌ವೀಲ್ ಆಗಿ ಬಂದ ಹಳೆಯ ಬೊಲೆರೊ ಕ್ಯಾಂಪರ್ (ಬೊಲೆರೊದ ಪಿಕಪ್ ಮಾದರಿ) ಹುಡುಕುವುದು ಮೇಲು. ನನ್ನನ್ನು ಕೇಳಿದರೆ ಮೊದಲು ಮಾಡಬೇಕಾದ ಕೆಲಸವೇ ಅದು.

ಮುಧೋಳ ಕಬ್ಬಿನ ಗಾಡಿ

ಸ್ಪ್ರಿಂಗ್ ಪಟ್ಟಿಯ ಮಾತಿಗೆ ಯಾರೂ ಉತ್ತರಿಸಲಿಲ್ಲ. ಪಟ್ಟಿ ಸೇರಿಸಬೇಡಿ. ಪಟ್ಟಿ ಸೇರಿಸಿದರೆ ಗಾಡಿ ಎತ್ತರವಾಗುತ್ತದೆಯೇ ಹೊರತು ಬ್ರೇಕು, ಆ್ಯಕ್ಸಲ್, ಬೇರಿಂಗುಗಳ ಶಕ್ತಿ ಹೆಚ್ಚುವುದಿಲ್ಲ. ಹಿಂದಿನ ಆ್ಯಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ಕ್ರಾಸ್‌ಗಳು (ತುದಿಯ ಕೀಲುಗಳು) ಬೇಗ ಸವೆಯುತ್ತವೆ. ಹಿಂದಿನ ಆ್ಯಕ್ಸಲ್‌ಗೂ ಚಾಸಿಗೂ ನಡುವೆ ಸಣ್ಣ ಸಲಾಕೆಯಿಂದ ಜೋಡಿಸಿದ ಬ್ರೇಕ್ ವಾಲ್ವ್ ನಿಮ್ಮ ಗಾಡಿಗೆ ಇದೆಯೇ ಎಂದು ಬಗ್ಗಿ ನೋಡಿ. ಚಾಸಿ ಎಷ್ಟು ಕುಸಿದಿದೆ ಎಂಬುದರ ಮೇಲೆ ಅದು ಭಾರವನ್ನು ಅಳೆದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಪಟ್ಟಿ ಹಾಕಿ ಎತ್ತರಿಸಿದರೆ, ಗಾಡಿ ತುಂಬಿದ್ದರೂ ಖಾಲಿಯಿದೆಯೆಂದು ಲೆಕ್ಕ ಹಿಡಿದು ಹಿಂದಿನ ಬ್ರೇಕನ್ನು ಕಡಿಮೆ ಮಾಡಿಬಿಡುತ್ತದೆ. ಅಂಥ ವಾಲ್ವ್ ಇಲ್ಲದಿದ್ದರೆ ತೊಂದರೆ ಇನ್ನೊಂದು ಬಗೆಯದು: ಬಾಡಿ ತೆಗೆದ ಮೇಲೆ ಹಿಂಭಾಗ ಹಗುರಾಗುವುದರಿಂದ, ಖಾಲಿ ಗಾಡಿಯ ಹಿಂದಿನ ಗಾಲಿಗಳು ಜೋರಾಗಿ ಬ್ರೇಕ್ ಒತ್ತಿದಾಗ ಮೊದಲು ಕಟ್ಟಿ ನಿಂತು ಗಾಡಿ ಅಡ್ಡ ತಿರುಗುತ್ತದೆ.

ಎಷ್ಟು ಹೇರಬಹುದೆಂಬ ಲೆಕ್ಕ ಸರಳ. ಏಳು ಸೀಟಿನ ಗಾಡಿಯಲ್ಲಿ ಮುಂದೆ ಇಬ್ಬರು ಕೂತರೆ ಉಳಿದ ಐವರ ತೂಕ, ತಲೆಗೆ 70 ಕಿಲೋದಂತೆ, 350 ಕಿಲೋ. ತೆಗೆದ ತಗಡು ಮತ್ತು ಸೀಟುಗಳ ತೂಕ ಹೊಸ ಟ್ರಾಲಿಗಿಂತ ಹೆಚ್ಚಿದ್ದರೆ ಆ ವ್ಯತ್ಯಾಸವನ್ನು ಅದಕ್ಕೆ ಸೇರಿಸಿಕೊಳ್ಳಿ. ಕ್ವಿಂಟಲಿನ ಮೂರು ಚೀಲ ನಿಶ್ಚಿಂತೆ, ನಾಲ್ಕನೆಯದು ಕಾಟಾದ (ಗಾಡಿ ತೂಗುವ ತಕ್ಕಡಿಯ) ಚೀಟಿ ನೋಡಿದ ಮೇಲಿನ ಮಾತು. ಒಪ್ಪಿಗೆ ಸಿಕ್ಕರೆ, ಕತ್ತರಿಸುವ ಮುಂಚೆ ಒಮ್ಮೆ, ಟ್ರಾಲಿ ಕೂರಿಸಿದ ಮೇಲೆ ಒಮ್ಮೆ, ಮುಂದಿನ ಗಾಲಿಗಳನ್ನೂ ಹಿಂದಿನ ಗಾಲಿಗಳನ್ನೂ ಬೇರೆ ಬೇರೆಯಾಗಿ ಕಾಟಾದ ಮೇಲೆ ನಿಲ್ಲಿಸಿ ತೂಗಿಸಿ, ಎರಡೂ ಚೀಟಿಗಳ ಅಂಕಿಗಳನ್ನು ಇಲ್ಲಿ ಹಾಕಿ.